‘ಬ್ರೋ’ ಅನ್ನಿಸಿಕೊಂಡ ತಂಗಿಗೆ

ಸ್ಕೂಟಿ ತಂದ ತಂಗೀ,

ನಿನ್ನ ಹೆಸರು ಕೇಳುವುದನ್ನೇ ಮರೆತೆ. ಮಾತಿನ ಧಾಟಿಯಿಂದ ಹುಕ್ಕೇರಿ ಕಡೆಯವಳು ಅನ್ನಿಸಿತು, ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ವಿಳಾಸ ಇಲ್ಲದ ಪತ್ರ ಊರೆಲ್ಲ ಸುತ್ತಬೇಕಾಗುತ್ತದೆ, ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಗೆಳತಿಗೆ ಕನ್ನಡ ಓದಲು ಬಾರದು. ಅವಳಿಗೆ ನೀನೇ ಮರಾಠಿಯಲ್ಲಿ ಹೇಳಬೇಕು. ಒಂದು ಸಾಲೂ ಬಿಡಬೇಡ, ಅವಳ ಮೇಲಿನ ದೂರನ್ನೂ ಸೇರಿಸಿ.

2025ರ ಫೆಬ್ರುವರಿಯ ಕೊನೆಯ ವಾರ ನೆನಪಿದೆಯಲ್ಲ? ಬೆಳಗಾವಿ ಹತ್ತಿರ ಬಸ್ಸಿನಲ್ಲಿ ಭಾಷೆಯ ಮೇಲೆ ಜಗಳವಾಗಿ ಕಂಡಕ್ಟರ್ ಒಬ್ಬರ ಮೇಲೆ ಕೈ ಮಾಡಿದ ಸುದ್ದಿ ಬಂತು. ಅದರ ಬೆನ್ನಿಗೇ ಮಹಾರಾಷ್ಟ್ರದ ಬಸ್ಸಿಗೆ ಕರ್ನಾಟಕದಲ್ಲಿ ಮಸಿ, ಕರ್ನಾಟಕದ ಬಸ್ಸಿಗೆ ಮಹಾರಾಷ್ಟ್ರದಲ್ಲಿ ಮಸಿ. ಕೊನೆಗೆ ಎರಡೂ ರಾಜ್ಯದ ಬಸ್ಸುಗಳು ಗಡಿ ದಾಟುವುದನ್ನು ನಿಲ್ಲಿಸಿದವು. ನಾನು ಮಹಾರಾಷ್ಟ್ರದ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತಿದ್ದೆ. ಗಡಿಯಾಚೆ ಕರ್ನಾಟಕದ ಸಂಕೇಶ್ವರದಲ್ಲಿ ನನ್ನ ಅಣ್ಣನಿಗೆ ಮೈ ಸರಿಯಿಲ್ಲ ಎಂದು ಹಿಂದಿನ ರಾತ್ರಿ ಫೋನ್ ಬಂದಿತ್ತು. ಅರ್ಧ ಗಂಟೆಯ ದಾರಿ. ಐವತ್ತು ವರ್ಷ ಯಾವ ವಿಚಾರವೂ ಇಲ್ಲದೆ ಹತ್ತಿ ಇಳಿದ ದಾರಿ. ಅಂದು ಬೆಳಿಗ್ಗೆ ಅದೇ ದಾರಿ ಪರದೇಶದ ಹಾಗೆ ದೂರವಾಯಿತು.

ನಿನ್ನ ಗೆಳತಿ ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿದಳೋ, ಚೀಲದೊಳಗಿನ ಔಷಧದ ಪೊಟ್ಟಣ ನೋಡಿದಳೋ, “ಆಜ್ಜೀ, ಕುಠಂ ಜಾಯಚಂ?” ಎಂದು, ಎಲ್ಲಿಗೆ ಹೋಗಬೇಕೆಂದು ಕೇಳಿದಳು. ಹೇಳಿದೆ. ಅಯ್ಯೋ ಪಾಪ ಅನ್ನಲಿಲ್ಲ, ಬಸ್ಸು ಯಾವಾಗ ಬಿಡುತ್ತಾರೋ ಎಂದು ಮಾತು ಬೆಳೆಸಲೂ ಇಲ್ಲ. ಫೋನ್ ತೆಗೆದು, “ಬ್ರೋ, ಏಕ ಆಜ್ಜಿ ಹಾಯ್ತ, ಸಂಕೇಶ್ವರಲಾ ಜಾಯಚಂ ಹಾಯ ತ್ಯಾಸ್ನಿ. ಗಾಡೀ ಘೆವೂನ ಯೇ” ಎಂದಳು. ಒಬ್ಬರು ಅಜ್ಜಿ ಇದ್ದಾರೆ, ಸಂಕೇಶ್ವರಕ್ಕೆ ಹೋಗಬೇಕಂತೆ, ಗಾಡಿ ತಗೊಂಡು ಬಾ. ಅಷ್ಟೇ ಮಾತು. ಯಾವ ಅಜ್ಜಿ, ನಿನಗೇನಾಗಬೇಕು ಎಂದು ನೀನು ಆ ತುದಿಯಿಂದ ಕೇಳಿದ್ದರೆ ಅವಳು ಉತ್ತರ ಕೊಡುತ್ತಿದ್ದಳು. ಅವಳು ಉತ್ತರ ಕೊಟ್ಟದ್ದನ್ನು ನಾನು ಕೇಳಲಿಲ್ಲ. ಮುಕ್ಕಾಲು ಗಂಟೆಯಲ್ಲಿ ನೀನು ಬಂದು ನಿಂತಿದ್ದೆ.

‘ಬ್ರೋ’ ಅಂದದ್ದು ಯಾರೋ ಹುಡುಗನಿಗೆ ಎಂದುಕೊಂಡಿದ್ದೆ. ಬಂದವಳು ನೀನು. ಹೆಲ್ಮೆಟ್ ತೆಗೆದು ಜಡೆ ಹಿಂದಕ್ಕೆ ಎಸೆದು, “ಅಜ್ಜೀ, ಹತ್ರಿ. ಗಟ್ಟಿ ಹಿಡಕೊಳ್ರಿ” ಅಂದೆ. ಅವಳು ನನ್ನ ಚೀಲ ಕೈಗೆ ಕೊಟ್ಟು, ತನಗೆ ಬರುವ ಒಂದೇ ಕನ್ನಡ ಮಾತೇನೋ ಎಂಬಂತೆ “ಬರ್ರಿ” ಅಂದಳು. ಹೊರಟವರಿಗೆ ಬರ್ರಿ ಅನ್ನುವುದು ನಮ್ಮ ಕಡೆಯ ರೀತಿಯೇ. ಹೋಗು ಅನ್ನಬಾರದೆಂದು ಅವಳಿಗೆ ಯಾರು ಕಲಿಸಿದರು? ನೀನೇ ಇರಬೇಕು.

ಸ್ಕೂಟಿಯ ಹಿಂದೆ ಕೂತು ದಾರಿಯುದ್ದಕ್ಕೂ ಬ್ರೋ ಎಂಬ ಆ ಶಬ್ದವನ್ನೇ ಯೋಚಿಸಿದೆ. ಅದರ ಮೇಲೆ ನನಗೆ ಮೊದಲು ಒಲವಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಮೊಬೈಲ್ ಅಂಗಡಿಯಲ್ಲಿ, ಚಹಾದ ಗಾಡಿಯಲ್ಲಿ, ಗೇಟಿನಲ್ಲಿ ಪಾರ್ಸೆಲ್ ಕೊಡುವವರಲ್ಲಿ ದಿನಕ್ಕೆ ನೂರು ಸಲ ಕೇಳುತ್ತೇನೆ. ಹೆಸರು ಕೇಳಲು ಬೇಸರವಾದವರು ಎಲ್ಲರಿಗೂ ಒಂದೇ ಮುದ್ರೆ ಒತ್ತುತ್ತಾರೆ ಅನ್ನಿಸುತ್ತಿತ್ತು. ನನ್ನ ಮಗನಿಗೆ ಮಾತುಮಾತಿಗೆ ಬ್ರೋ ಬ್ರೋ ಎನ್ನುತ್ತಲೇ ಒಬ್ಬ ಕೆಟ್ಟ ಮಾಲು ಮಾರಿದ. ಅಣ್ಣಾ ಅಂದು ಮೋಸ ಮಾಡಲು ನಮ್ಮ ಕಾಲದವರಿಗೆ ಕೊಂಚವಾದರೂ ನಾಲಗೆ ತೊದಲುತ್ತಿತ್ತು ಎಂದು ಅವತ್ತು ಬಹಳ ನೊಂದುಕೊಂಡೆ.

ನಮ್ಮ ಕಾಲದಲ್ಲಿ ಹೇಗೆ ಕರೆಯುತ್ತಿದ್ದರು ಎಂದು ತಿಳಿಯಲು ನನ್ನ ಅಣ್ಣನ ಕಥೆ ಹೇಳಬೇಕು. ನೀನು ಅವನನ್ನು ಬಾಗಿಲಲ್ಲಿ ನಿಂತು ಅರೆಗಳಿಗೆ ನೋಡಿದೆ, ನೀರು ಕುಡಿದು ಹೊರಟುಬಿಟ್ಟೆ.

ಅವನು 1972ರಲ್ಲಿ ಇಚಲಕರಂಜಿಗೆ ದುಡಿಯಲು ಹೋದ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಾಗ ಹಾಕಿದರಂತೆ. ಅಣ್ಣ ಹೋಗುವ ಹೊತ್ತಿಗೆ ಊರಿಗೆ ಊರೇ ಮಾಗದ ಸದ್ದಾಗಿತ್ತು. ನಾವು ಮಗ್ಗ ಅನ್ನುವುದು ಅಲ್ಲಿ ಮಾಗ, ನಮ್ಮ ಲಾಳಿ ಅಲ್ಲಿ ಧೋಟಾ. ಹನ್ನೆರಡು ತಾಸಿನ ಪಾಳಿ, ಒಬ್ಬನ ಮೈಮೇಲೆ ನಾಲ್ಕು ಮಾಗ. ಒಳಗೆ ಹೋದರೆ ಕಿವಿಯಲ್ಲಿ ಬಾಯಿ ಇಟ್ಟು ಕೂಗಿದರೂ ಕೇಳುವುದಿಲ್ಲ. ನಾನು ಒಮ್ಮೆ ಬುತ್ತಿ ಕೊಡಲು ಹೋಗಿ ಬಾಗಿಲಲ್ಲೇ ನಿಂತೆ, “ಅಣ್ಣಾ” ಎಂದು ಕರೆದದ್ದು ನನಗೇ ಕೇಳಲಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಭುಜ ತಟ್ಟಿ, ಕೈಸನ್ನೆ ಮಾಡಿ. ನೂಲು ತುಂಡಾಗಿದೆ, ಲಾಳಿಯೊಳಗಿನ ಕಾಂಡಿ ಮುಗಿದಿದೆ, ನೂಲಿನ ಬೀಮು ಬದಲಿಸಬೇಕು, ಮಾಗ ದುರಸ್ತಿಯ ಜಾಬರನನ್ನು ಕರೆ, ಎಲ್ಲಕ್ಕೂ ಸನ್ನೆ.

ಆ ಸದ್ದಿನಲ್ಲಿ ಅಣ್ಣನಿಗೆ ಒಬ್ಬ ಗೆಳೆಯ ಸಿಕ್ಕ. ಹಾತಕಣಂಗಲೆ ಕಡೆಯ ಮರಾಠಿಯವನು, ಪಕ್ಕದ ನಾಲ್ಕು ಮಾಗ ಅವನವು. ಮೊದಲ ತಿಂಗಳುಗಳಲ್ಲಿ ಇವನಿಗೆ ಮರಾಠಿ ಬಾರದು, ಅವನಿಗೆ ಕನ್ನಡ ಬಾರದು. ಮಾಗದ ಮನೆಯೊಳಗೆ ಅದರಿಂದ ಏನೂ ತೊಂದರೆ ಆಗಲಿಲ್ಲ. ಇವನಿಗೆ ಜ್ವರ ಬಂದ ರಾತ್ರಿ ಅವನು ಎಂಟೂ ಮಾಗ ನೋಡಿಕೊಂಡು, ಇವನ ಹಾಜರಿ ಕಟ್ಟಾಗದ ಹಾಗೆ ಮಾಡಿದ. ಮಾತು ಬೇಕಾದದ್ದು ಪಾಳಿ ಮುಗಿದು ಹೊರಗೆ ಬಂದು ಚಹಾ ಕುಡಿಯುವಾಗ. ಅವನು ಇವನನ್ನು “ಭಾವಾ” ಎಂದು ಕರೆದ.

ನೀನು ಮರಾಠಿ ಆಡುವವಳು, ನಿನಗೆ ಗೊತ್ತು. ಕೊಲ್ಲಾಪುರದಲ್ಲಿ ರಿಕ್ಷಾದವನಿಂದ ಹಿಡಿದು ತಾಲೀಮಿನ ಪೈಲವಾನನ ತನಕ ಎಲ್ಲರ ಬಾಯಲ್ಲೂ ಅದೇ. “ಕಾಯ ಭಾವಾ, ಬರಂ ಹಾಯ ನವ್ಹಂ?” ಏನಪ್ಪಾ, ಚೆನ್ನಾಗಿದ್ದೀಯಲ್ಲ ಎಂದು. ಅದು ಭಾವೂ, ಸೋದರ. ನಿಮ್ಮ ಬ್ರೋ ಮಾಡುವ ಕೆಲಸವನ್ನು ಕೊಲ್ಲಾಪುರ ಆ ಶಬ್ದದಿಂದ ಮೊದಲಿನಿಂದ ಮಾಡಿಸಿಕೊಂಡು ಬಂದಿದೆ. ಆದರೆ ಕನ್ನಡದ ಕಿವಿಗೆ ಅದು ಭಾವ, ಅಕ್ಕನ ಗಂಡ! ನನ್ನ ಅಣ್ಣ ಎಂಟು ದಿನ ಚಿಂತೆ ಮಾಡಿದನಂತೆ. ಇವನಿಗೆ ಮದುವೆಯಾಗದ ತಂಗಿ ಇದ್ದಾಳೋ, ನನಗೆ ಕೊಡುವ ಮಾತು ಎತ್ತುತ್ತಿದ್ದಾನೋ, ಹೇಗೆ ಕೇಳಲಿ ಎಂದು. ಸೂಟಿಗೆ ಮನೆಗೆ ಬಂದು ಅವ್ವನ ಮುಂದೆ ಹೇಳಿದಾಗ ಅವ್ವ ಅವನ ತಲೆ ಸವರಿ, “ಯಾವ ನಂಟಾದರೇನೋ, ಕರದಾನಲ್ಲ” ಅಂದಳು.

ಅವ್ವನ ಆ ಮಾತು ನನಗೆ ಈಗ ಅರ್ಥವಾಗುತ್ತಿದೆ. ಮರಾಠಿಯ ಭಾವೂ ಸಂಸ್ಕೃತದ ಭ್ರಾತೃವಿನಿಂದ ಬಂದದ್ದು. ಕನ್ನಡದ ಭಾವ ಬೇರೆಯೇ ಶಬ್ದ. ಸದ್ದು ಒಂದು, ನಂಟು ತಲೆಕೆಳಗು. ಮರಾಠಿಯದು ಹುಟ್ಟಿನಿಂದ ಬಂದ ನಂಟು, ಅಲ್ಲಿ ಹೆಣ್ಣು ಕೊಡುವ ತರುವ ಮಾತೇ ಇಲ್ಲ. ನಮ್ಮದು ಹೆಣ್ಣು ಕೊಟ್ಟೇ ಆಗುವ ನಂಟು, ಹೊರಗಿನವನನ್ನು ಒಳಗೆ ಕರೆದುಕೊಳ್ಳುವುದು. ಆ ಗೆಳೆಯ ಒಂದು ಹೇಳಿದ, ನನ್ನ ಅಣ್ಣ ಇನ್ನೊಂದು ಕೇಳಿಸಿಕೊಂಡ, ಐವತ್ತು ವರ್ಷ ಇಬ್ಬರೂ ಎರಡಕ್ಕೂ ತಕ್ಕ ಹಾಗೆ ನಡೆದುಕೊಂಡರು. 1975ರಲ್ಲಿ ನನ್ನ ಮದುವೆಗೆ ಇಚಲಕರಂಜಿಯಿಂದ ಅವನು ಒಡಹುಟ್ಟಿದವನ ಹಾಗೆ ಬಂದು ಮೂರು ದಿನ ಮೊದಲೇ ಚಪ್ಪರಕ್ಕೆ ನಿಂತ, ಬೀಗರ ಹಾಗೆ ನನಗೆ ಸೀರೆ ತಂದ.

ಅಣ್ಣ ಅವನನ್ನು ಕರೆಯುತ್ತಿದ್ದದ್ದು “ಗಡ್ಯಾ” ಎಂದು. ಮರಾಠಿಯಲ್ಲಿ ಗಡೀ ಎಂದರೆ ಆಳು, ಆಟಗಾರ, ಜೊತೆಗಾರ. ಕನ್ನಡದಲ್ಲಿ ಗಡಿ ಎಂದರೆ ಏನೆಂದು ನಿನಗೆ ಹೇಳಬೇಕಿಲ್ಲ, ಅದನ್ನೇ ದಾಟಿಸಿದವಳು ನೀನು. ಜೊತೆಯಲ್ಲಿ ಆಡುವವನಿಗೆ ಅವರು ಸವಂಗಡೀ ಅಂತಾರೆ, ನಾವು ಸಂಗಡಿಗ. ಎರಡೂ ಅದೆಷ್ಟು ಹತ್ತಿರ ಕೂತಿವೆ ನೋಡು.

ನನ್ನ ಮದುವೆಯೂ ಗಡಿ ದಾಟಿದ್ದೇ. ನಾನು ಸಂಕೇಶ್ವರದ ಮಗಳು, ಗಡಹಿಂಗ್ಲಜ ತಾಲ್ಲೂಕಿನ ಸೊಸೆ. ಈ ತಾಲ್ಲೂಕಿನ ಊರ ಹೆಸರು ಕೇಳು: ಹೆಬ್ಬಾಳ, ಅರಳಗುಂಡಿ, ಮುತನಾಳ, ಇಂಚನಾಳ. ಮಹಾರಾಷ್ಟ್ರದ ನಕಾಶೆಯಲ್ಲಿ ಇದ್ದುಕೊಂಡೇ ಕನ್ನಡದಲ್ಲಿ ಉಸಿರಾಡುತ್ತವೆ. ಹಿರಣ್ಯಕೇಶಿ ಗಡಹಿಂಗ್ಲಜವನ್ನು ಮುಟ್ಟಿಕೊಂಡು ಸಂಕೇಶ್ವರಕ್ಕೆ ಹೋಗುತ್ತದೆ. ಸಂಕೇಶ್ವರದ ಹೆಸರಿನ ಮೆಣಸಿನಕಾಯಿ ಗಡಹಿಂಗ್ಲಜದ ಪೇಟೆಯಲ್ಲಿ ಬಿಕರಿಯಾಗುತ್ತದೆ. ಗಡಹಿಂಗ್ಲಜ ಕೊಲ್ಲಾಪುರ ಸಂಸ್ಥಾನದಲ್ಲಿತ್ತು, ಸಂಕೇಶ್ವರ ಬ್ರಿಟಿಷರ ಕೈಯಲ್ಲಿ. 1949ರ ಮಾರ್ಚ್ 1ಕ್ಕೆ ಸಂಸ್ಥಾನ ವಿಲೀನವಾಗಿ ಎರಡೂ ಒಂದೇ ಮುಂಬಯಿ ಪ್ರಾಂತ್ಯದೊಳಗೆ ಬಂದವು. 1956ರ ನವೆಂಬರ್ 1ರಂದು ಮತ್ತೆ ಬೇರೆಯಾದವು. ಸೇರಿ ಇದ್ದದ್ದು ಏಳು ವರ್ಷ ಎಂಟು ತಿಂಗಳು. ಹೆಣ್ಣು ಕೊಡುವುದು ತರುವುದು ಮಾತ್ರ ಇದಾವುದನ್ನೂ ಕೇಳದೆ ನಡೆಯಿತು.

ಈಗ ಹೇಳುವುದನ್ನು ಹುಡುಗಿಯರಾದ ನೀವಿಬ್ಬರೂ ಚೆನ್ನಾಗಿ ಕೇಳಬೇಕು. ಭಾವಾ, ಗಡ್ಯಾ, ದೋಸ್ತಾ, ಮರ್ದಾ, ಎಲ್ಲವೂ ಗಂಡಸರವು. ನಮ್ಮ ಪಾಲಿಗೆ ಒಂದೂ ಇರಲಿಲ್ಲ. ಕನ್ನಡದಲ್ಲಿ ಗೆಳತಿ ಇದೆ, ಮರಾಠಿಯಲ್ಲಿ ಮೈತ್ರೀಣ ಇದೆ, ಆದರೆ ಬೀದಿಯ ಆ ಬದಿಯಿಂದ ಈ ಬದಿಗೆ ಯಾರು “ಏ ಗೆಳತೀ” ಎಂದು ಕೂಗುತ್ತಾರೆ? ಮದುವೆಯಾಗಿ ಬಂದ ಮೇಲೆ ನನ್ನನ್ನು ವೈನಿ ಅಂದರು, ಸೂನಬಾಯಿ ಅಂದರು, ಮಗ ಹುಟ್ಟಿದ ಮೇಲೆ ಇಂಥವನ ಆಯಿ ಅಂದರು. ಎಲ್ಲವೂ ಯಾರಿಗೋ ನಾನು ಏನಾಗಬೇಕು ಎಂಬುದರ ಲೆಕ್ಕ. ನನ್ನವಳು ಎಂಬ ಒಬ್ಬಳು ನನಗಿದ್ದಳು. ಹಿಂದಿನ ಓಣಿಯ ಮರಾಠಿ ಹೆಣ್ಣುಮಗಳು. ಮೂವತ್ತೆರಡು ವರ್ಷ ಒಟ್ಟಿಗೆ ನೀರು ತಂದೆವು, ಒಟ್ಟಿಗೆ ಗಿರಣಿಗೆ ಹೋದೆವು, ಅವಳ ಎರಡು ಬಾಣಂತನಕ್ಕೆ ನಾನು ಖಾರ ಬಿಟ್ಟು ಪಥ್ಯದ ಅಡುಗೆ ಮಾಡಿ ಒಯ್ದೆ. ಅವಳನ್ನು ಕರೆಯಲು ನನ್ನಲ್ಲಿ ಶಬ್ದ ಇರಲಿಲ್ಲ. ಅವಳು ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಾನು ಅವಳಿಗೆ “ಅಗಂ, ಐಕಲಂ ಕಾ” ಅನ್ನುತ್ತಿದ್ದೆ, ಕೇಳಿತೇನೇ ಎಂದು. ಅವಳು ಹೋದ ಮೇಲೆ ಅವಳ ಸೊಸೆ ಕೇಳಿದಳು, ಅತ್ತೆ ನಿಮಗೆ ಏನಾಗಬೇಕಿತ್ತು ಎಂದು. ಏನೂ ಆಗಬೇಕಿರಲಿಲ್ಲ ಎಂದು ಹೇಳಿ ಮನೆಗೆ ಬಂದು ಅತ್ತೆ.

ಅದಕ್ಕೇ, ಒಬ್ಬ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಯಾವ ಸಂಕೋಚವೂ ಇಲ್ಲದೆ ಹಾಗೆ ಕರೆದದ್ದು ಕೇಳಿದಾಗ ಎದೆಯೊಳಗೆ ಏನೋ ಹೊರಳಿತು. ಗಂಡಸರ ಶಬ್ದವನ್ನೇ ನೀವು ಕಿತ್ತುಕೊಂಡಿದ್ದೀರಿ. ಇಟ್ಟುಕೊಳ್ಳಿರಿ, ವಾಪಸ್ ಕೊಡಬೇಡಿ.

ಇಂಗ್ಲಿಷ್ ಕಲಿಸುವ ನನ್ನ ಮಗನನ್ನು ಕೂರಿಸಿಕೊಂಡು ಈ ಬಗೆಯ ಶಬ್ದಗಳ ಹುಟ್ಟು ಕೇಳಿದೆ. ಬ್ರೋ ಎಂಬುದು ಬ್ರದರ್ ಎಂಬುದರ ತುಂಡು, ಅದು ತಿಳಿದದ್ದೇ. ಆ ಬ್ರದರ್ ಮತ್ತು ಸಂಸ್ಕೃತದ ಭ್ರಾತೃ ಒಂದೇ ಬೇರಿನವು. ಅಂದರೆ ನಿಮ್ಮ ಬ್ರೋ, ಕೊಲ್ಲಾಪುರದ ಭಾವಾ, ಎರಡೂ ದೂರದ ದಾಯಾದಿಗಳು. ಒಂದು ಸಮುದ್ರ ಸುತ್ತಿ ಬಂತು, ಇನ್ನೊಂದು ಇಲ್ಲೇ ಉಳಿದು ಸವೆಯಿತು. ಅಮೆರಿಕದ ಕರಿಯ ಜನ ಒಬ್ಬರನ್ನೊಬ್ಬರು ಸೋದರ ಎಂದು ಕರೆಯುವುದಕ್ಕೆ ಬಹಳ ಭಾರ ಇತ್ತೆಂದ. ಅವರ ಹಿರಿಯರನ್ನು ಗುಲಾಮರೆಂದು ಮಾರುವಾಗ ಒಡಹುಟ್ಟಿದವರನ್ನೇ ಅಗಲಿಸಿ ಮಾರಿದ್ದರು. ಹಾಗೆ ಕಳೆದುಕೊಂಡವರು ಸಿಕ್ಕವರನ್ನೇ ಒಡಹುಟ್ಟು ಮಾಡಿಕೊಂಡರು. ಬ್ರೋ ಗೆಳೆಯನ ಹೆಸರಾಗಿ ಹರಡಿದ್ದರಲ್ಲಿ ಅವರ ಬಾಯಿಯ ಪಾಲು ದೊಡ್ಡದಂತೆ.

ಪಾಲ್ ಎಂಬ ಇನ್ನೊಂದು ಶಬ್ದವೂ ಇದೆ, ಅದೂ ಗೆಳೆಯನಿಗೇ. ಅದು ಇಂಗ್ಲಿಷಿನದಲ್ಲ, ರೋಮಾ ಜನರದು. ಸಾವಿರ ವರ್ಷದ ಹಿಂದೆ ನಮ್ಮ ನೆಲದಿಂದ ಹೊರಟು ಯುರೋಪಿನ ಊರೂರು ಅಲೆದು, ಎಲ್ಲ ಕಡೆ ಹೊರದೂಡಿಸಿಕೊಂಡ ಜನ. ಅವರ ಬಾಯಲ್ಲಿ ಭ್ರಾತೃ ಎಂಬುದು ಸವೆದು ಪ್ರಲ್ ಆಗಿ, ಇಂಗ್ಲೆಂಡಿನಲ್ಲಿ ಪಲ್ ಆಗಿ, ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಬಾಯಿಗೂ ಹೋಯಿತು. ಊರೊಳಗೆ ಬಿಟ್ಟುಕೊಳ್ಳದವರಿಂದಲೇ ಗೆಳೆಯ ಎಂಬ ಶಬ್ದವನ್ನು ತಗೊಂಡರಲ್ಲ ಎಂದು ನನಗೆ ಇವತ್ತಿಗೂ ಬೆರಗು. ಮೇಟ್ ಎಂಬುದಕ್ಕೆ ಮೂಲದಲ್ಲಿ ಒಂದೇ ಊಟವನ್ನು ಹಂಚಿಕೊಂಡವನು ಎಂದು ಅರ್ಥವಂತೆ. ನಮ್ಮ ಸ್ನೇಹಕ್ಕಾದರೂ ಸಂಸ್ಕೃತದಲ್ಲಿ ಎಣ್ಣೆ, ಜಿಡ್ಡು ಎಂಬ ಅರ್ಥವಿದೆ. ಇದನ್ನು ಹೇಳಿದಾಗ ಅಣ್ಣ ತನ್ನ ಅಂಗೈ ನೋಡಿಕೊಂಡ. ಮಾಗದ ಎಣ್ಣೆ ಅವನ ಗೆರೆಗಳಿಂದ ಹೋಗಲು ಬಹಳ ವರ್ಷ ಬೇಕಾಯಿತು.

ಬಸ್ಸಿಗೆ ಮಸಿ ಬಳಿದವರೂ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಿದ್ದರು, ಯೋಚಿಸಿದ್ದೀಯಾ? ಆ ಕಡೆಯವರು ಭಾವಾ, ಈ ಕಡೆಯವರು ಅಣ್ಣಾ. ಸೋದರ ಎಂಬ ಶಬ್ದ ಒಳಗಿನವರನ್ನು ಸೇರಿಸುವ ಹೊತ್ತಿಗೇ ಹೊರಗಿನವನನ್ನೂ ಗುರುತು ಮಾಡಿಬಿಡುತ್ತದೆ. ಇದು ನನಗೆ ತೀರ ದುಃಖದ ಸಂಗತಿ. ಯಾಕೆಂದರೆ ಈ ಎರಡು ಶಬ್ದಗಳು ಹಾಗೆ ಎದುರುಬದುರು ನಿಂತವಲ್ಲ. ಅಣ್ಣಾ, ಅಕ್ಕಾ, ಅಪ್ಪಾ ಎಂದು ಮರಾಠಿಯವರು ಕರೆಯುವುದು ನಮ್ಮದೇ ಮಾತಿನಿಂದ. ಸಾಂಗಲಿ ಜಿಲ್ಲೆಯ ವಾಟೇಗಾವದಲ್ಲಿ 1920ರಲ್ಲಿ ಹುಟ್ಟಿದ ತುಕಾರಾಮ ಸಾಠೆಯನ್ನು ಜನ ಅಣ್ಣಾಭಾವೂ ಎಂದು ಕರೆದರು. ಹೆಸರಿನ ಮೊದಲರ್ಧ ಕನ್ನಡದ ಸೋದರ, ಉಳಿದರ್ಧ ಮರಾಠಿಯ ಸೋದರ. ಸಂಯುಕ್ತ ಮಹಾರಾಷ್ಟ್ರದ ಚಳವಳಿಗಾಗಿ ಹಾಡಿದ ಆ ದೊಡ್ಡ ಲೋಕಶಾಹೀರ ನಮ್ಮ ಅಣ್ಣನನ್ನು ಹೆಸರಿನಲ್ಲೇ ಹೊತ್ತು ತಿರುಗಿದ. ಇತ್ತ ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದ ಬೇಂದ್ರೆ ಧಾರವಾಡದಲ್ಲಿ ಕನ್ನಡದ ಗೆಳೆಯರ ಗುಂಪು ಕಟ್ಟಿದರು. ಇಂಥ ಇಬ್ಬರಿದ್ದ ಸೀಮೆಯಲ್ಲಿ ಮಸಿಯ ಡಬ್ಬಿ ಹಿಡಿಯಲು ಕೈ ಹೇಗೆ ಬರುತ್ತದೆ?

ನಿಮ್ಮ ಬ್ರೋ ಆ ವಾರ ಯಾವ ಕಡೆಗೂ ನಿಂತಿರಲಿಲ್ಲ. ನಿನ್ನ ಗೆಳತಿ ಹಾಗೆ ಕರೆದಾಗ ಪಕ್ಕದಲ್ಲಿದ್ದ ಯಾರಿಗೂ ನೀನು ಕನ್ನಡದವಳೋ ಮರಾಠಿಯವಳೋ ಗೊತ್ತಾಗುತ್ತಿರಲಿಲ್ಲ. ಅಂದು ಅದು ನನಗೆ ಧೈರ್ಯ ಕೊಟ್ಟಿತು, ಹೌದು. ಮನೆಗೆ ಬಂದು ಮಲಗಿದಾಗ ಅದೇ ಚುಚ್ಚಿತು. ಯಾರೆಂದು ಗೊತ್ತಾಗಬಾರದು ಎಂಬ ಕಾರಣಕ್ಕೆ ಒಂದು ಶಬ್ದ ಹಿತವಾಗುವ ಕಾಲ ಬಂತೇ ಎಂದು. ನನ್ನ ಅಣ್ಣ ಮತ್ತು ಅವನ ಗೆಳೆಯ ಯಾರೆಂದು ಗೊತ್ತಾಗುವ ಹಾಗೆಯೇ ಕರೆದುಕೊಂಡರು. ಇವನು ಅವನ ಮಾತಿನ ಗಡ್ಯಾ ಕಲಿತ. ಅವನು ಇವನಿಂದ “ಊಟ ಆತೇನಪಾ” ಕಲಿತು, ನಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗಲೇ ಗಟ್ಟಿಯಾಗಿ ಅನ್ನುತ್ತಿದ್ದ. ಅಷ್ಟನ್ನು ಕಲಿಯಲು ಇಬ್ಬರೂ ಚಹಾದಂಗಡಿಯಲ್ಲಿ ಎಷ್ಟು ರಾತ್ರಿ ಕೂತಿದ್ದಾರೋ.

ನಿನ್ನ ಗೆಳತಿಯ ಮೇಲಿನ ದೂರು ಇದೇ, ಹೇಳಿಬಿಡುತ್ತೇನೆ. ನೀನು ಅವಳ ಹತ್ತಿರ ನೀರು ಕುಡಿದಷ್ಟು ಸಲೀಸಾಗಿ ಮರಾಠಿ ಆಡಿದೆ. ಅವಳಿಗೆ ಕನ್ನಡ ಬಂದದ್ದು ಬರ್ರಿ ಒಂದೇ. ಅದು ಅವಳ ತಪ್ಪಿಗಿಂತ ನಿನ್ನ ತಪ್ಪು. ಕಲಿಸಬಾರದೇನು? ಬ್ರೋ ಅಂದಮೇಲೆ ಅದರ ಸಾಲವೂ ಇಬ್ಬರದೇ. ಅವಳು ಕರೆದಳು, ನೀನು ಮೂರು ಪ್ರಶ್ನೆ ಕೇಳದೆ ಬಂದೆ, ಆ ಸಾಲ ನೀನು ತೀರಿಸಿದೆ. ಭಾಷೆಯ ಸಾಲ ಅವಳ ಕಡೆ ಬಾಕಿ ಇದೆ. ದಿನಕ್ಕೆ ಐದು ಮಾತು ಕಲಿಸು. ಮೊದಲು ಉಣ್ಣುವ ಮಾತು, ಆಮೇಲೆ ಬೈಯುವ ಮಾತು.

ಅಣ್ಣ ಈಗ ಎದ್ದು ಕೂಡುತ್ತಾನೆ. ಕಿವಿ ಮೊದಲೇ ಮಾಗಕ್ಕೆ ಹೋಗಿದೆ, ಇಚಲಕರಂಜಿಯ ಗೆಳೆಯನಿಗೂ ಹಾಗೇ. ನೀನು ಬಿಟ್ಟುಹೋದ ಮರುದಿನ ಸುದ್ದಿ ತಿಳಿದು ಅವನ ಫೋನ್ ಬಂತು. ಸ್ಪೀಕರ್ ಹಾಕಿ ಕೊಟ್ಟೆ. ಇವನು ಗಡ್ಯಾ ಎಂದು ಕೂಗಿದ, ಅವನು ಭಾವಾ ಎಂದು ಕೂಗಿದ. ಅವನು ಹೇಳಿದ್ದು ಇವನಿಗೆ ಕೇಳಲಿಲ್ಲ, ಇವನು ಹೇಳಿದ್ದು ಅವನಿಗೆ ಕೇಳಲಿಲ್ಲ. ಹತ್ತು ನಿಮಿಷ ಹಾಗೇ ಕರೆಯುತ್ತ ಕೂತಿದ್ದರು. ಬಸ್ಸು ಬಿಟ್ಟ ದಿನವೇ ಅವನು ಮೊದಲ ಬಸ್ಸಿಗೆ ಸಂಕೇಶ್ವರಕ್ಕೆ ಬಂದ, ಕೈಯಲ್ಲಿ ಪೇಢೆಯ ಪೆಟ್ಟಿಗೆ.

ತಂಗೀ, ಬಿಸಿಲು ಎಂದು ಅವತ್ತು ನನ್ನ ತಲೆಗೆ ಸುತ್ತಿದ ನಿನ್ನ ಓಢಣಿ ನನ್ನ ಹತ್ತಿರವೇ ಉಳಿದಿದೆ. ಹಳದಿಯದು, ಅಂಚಿಗೆ ಕೆಂಪು ಗೊಂಡೆ ಇರುವುದು. ತೊಳೆದು ಮಡಿಸಿ ಟ್ರಂಕಿನಲ್ಲಿಟ್ಟಿದ್ದೇನೆ. ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನ ಎದುರಿನ ಹೂವಿನ ಅಂಗಡಿಯಲ್ಲಿ ಸ್ಕೂಟಿಯಲ್ಲಿ ಸಂಕೇಶ್ವರಕ್ಕೆ ಹೋದ ಅಜ್ಜಿಯ ಮನೆ ಎಂದು ಕೇಳು, ಹೇಳುತ್ತಾರೆ. ಅವಳನ್ನೂ ಕರಕೊಂಡು ಬಾ. ರವಿವಾರ ಬಂದರೆ ಹೋಳಿಗೆ ಮಾಡುತ್ತೇನೆ. ಅವಳು ಹೊಸ್ತಿಲಲ್ಲಿ ಚಪ್ಪಲಿ ಬಿಡುವಾಗ ಏನನ್ನಬೇಕೆಂದು ದಾರಿಯಲ್ಲೇ ಕಲಿಸಿಕೊಂಡು ಬಾ.

ನಿನ್ನ ಸ್ಕೂಟಿಯ ಹಿಂದೆ ಕೂತ
ಅಜ್ಜಿ